ಸೂತ್ರಧಾರನ ಕಿರ್ದಿ

ಆಟ ಮುಗಿದ ಮೇಲೆ ಉಳಿಯುವುದೇನು? ಚದುರಂಗವಾಡಿದವರಲ್ಲಿ ಸೋಲುಗೆಲವುಗಳ ಮಾತು ಉಳಿಯುತ್ತದೆ. ಇಸ್ಪೀಟಿನವರಲ್ಲಿ ಒಮ್ಮೊಮ್ಮೆ ಸಾಲ ಉಳಿಯುತ್ತದೆ. ಚೆಂಡಾಟದವರಲ್ಲಿ ಮೈಕೈ ನೋವು ಉಳಿಯುತ್ತದೆ. ಮಣೆಯನ್ನೂ ಎಲೆಗಳನ್ನೂ ಎತ್ತಿಟ್ಟೊಡನೆ ಅಂದಿನ ಆಟವು ಅಂದಿಗೆ ತೀರಿತು. ಮರುದಿನದ ಆಟಕ್ಕೆ ಹಿಂದಿನ ದಿನದ ಆಟದ ಹಂಗಿಲ್ಲ. ಅರಸನೂ ಮಂತ್ರಿಯೂ ಕಾಲಾಳುಗಳೂ ನಿನ್ನೆ ತಾವು ಸತ್ತುದನ್ನು ಮರೆತು, ತಮ್ಮ ತಮ್ಮ ಮನೆಗಳಲ್ಲಿ ಹೊಸದಾಗಿ ನಿಂತುಕೊಳ್ಳುತ್ತಾರೆ. ಈ ಮರೆವೇ ಅಂಥ ಆಟಗಳ ಸೊಗಸು.

ಇದಕ್ಕೆ ತೀರ ವಿರುದ್ಧವಾದ ಆಟವೊಂದುಂಟು. ಅದರಲ್ಲಿ ಸತ್ತವನು ಸತ್ತೇ ಇರುತ್ತಾನೆ. ಸಾಲ ಮಾಡಿದವನು ಸಾಲಗಾರನಾಗಿಯೇ ಇರುತ್ತಾನೆ. ಈ ಶನಿವಾರ ಹೊಳೆಯ ನಡುನೀರಿನಲ್ಲಿ ನಿಂತ ದೋಣಿಯು ಮುಂದಿನ ಕೂಟದಲ್ಲಿ ಅದೇ ನಡುನೀರಿನಿಂದ ಹೊರಡಬೇಕು. ಹೀಗೆ ಅದು ಒಂದು ವರ್ಷವೋ ಐದು ವರ್ಷವೋ ನಡೆದೀತು. ಎರಡು ಕೂಟಗಳ ನಡುವಣ ದಿನಗಳಲ್ಲಿ ಆ ದೋಣಿ ಎಲ್ಲಿರುತ್ತದೆ? ಮಣೆಯ ಮೇಲಿಲ್ಲ, ಏಕೆಂದರೆ ಆ ಆಟಕ್ಕೆ ಮಣೆಯೇ ಬೇಕೆಂದಿಲ್ಲ. ದಾಳಗಳಲ್ಲಿಯೂ ಇಲ್ಲ. ಆಡುವವರ ಮನಸ್ಸಿನಲ್ಲಿದೆ ಎನ್ನುವುದಾದರೆ, ಐವರ ಮನಸ್ಸಿನಲ್ಲಿ ಐದು ದೋಣಿಗಳಿರುತ್ತವೆ. ಯಾರಾದರೂ ಬರೆದಿಟ್ಟಿದ್ದರೆ ಆ ಬರೆಹದಲ್ಲಿದೆ. ಇಲ್ಲವಾದರೆ ಎಲ್ಲಿಯೂ ಇಲ್ಲ.

ಈ ಆಟದ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರಲ್ಲೊಬ್ಬನು ಸೂತ್ರಧಾರ. ಮಿಕ್ಕವರು ತಮಗೆ ಬೇಕಾದ ಒಂದೊಂದು ಪಾತ್ರವನ್ನು ತಾವೇ ಕಲ್ಪಿಸಿಕೊಂಡು, ಅದರ ಶಕ್ತಿ ದೌರ್ಬಲ್ಯಗಳನ್ನೂ ಗಂಟುಮೂಟೆಯನ್ನೂ ಒಂದು ಹಾಳೆಯಲ್ಲಿ ಗುರುತುಮಾಡಿಕೊಂಡಿರುತ್ತಾರೆ: ಒಬ್ಬನು ಕತ್ತಿವರಸೆಯವನು, ಒಬ್ಬನು ಮಾಂತ್ರಿಕ, ಒಬ್ಬನು ಕಳ್ಳ, ಒಬ್ಬಳು ವೈದ್ಯೆ. “ನಿಮ್ಮೆದುರಿಗೆ ಮುರಿದ ಸೇತುವೆಯಿದೆ, ಆಚೆಯ ದಡದಲ್ಲಿ ದೀಪ ಕಾಣುತ್ತಿದೆ, ಏನು ಮಾಡುತ್ತೀರಿ?” ಎಂದು ಸೂತ್ರಧಾರನು ಕೇಳುತ್ತಾನೆ. ಅವರು ತಮ್ಮ ತಮ್ಮ ಪಾತ್ರದ ಬಾಯಿಂದ ಉತ್ತರ ಕೊಡುತ್ತಾರೆ. ಆದೀತೋ ಆಗದೋ ಎಂಬ ಸಂದೇಹದ ಕೆಲಸ ಬಂದಾಗ ದಾಳ ಹಾಕುತ್ತಾರೆ. ೪ ಮುಖದಿಂದ ೨೦ ಮುಖದವರೆಗಿನ ದಾಳಗಳು ಅವರಲ್ಲಿರುತ್ತವೆ. ಬಿದ್ದ ಗರವು ಏನನ್ನುತ್ತದೆಯೋ ಅದೇ ನಡೆದ ಸಂಗತಿ. ಅದನ್ನು ಸೂತ್ರಧಾರನೂ ಅಳಿಸಲಾಗದು.

ಇದು ಹುಟ್ಟಿದುದು ಅಮೆರಿಕದಲ್ಲಿ. ಮಿನ್ನೆಸೋಟ ಸಂಸ್ಥಾನದ ಮಿನಿಯಾಪೊಲಿಸ್, ಸೇಂಟ್ ಪಾಲ್ ಎಂಬ ಅವಳಿನಗರಗಳಲ್ಲಿ ಬೊಂಬೆಸೈನಿಕರನ್ನು ಹೂಡಿ ಕಾಳಗದಾಟವಾಡುತ್ತಿದ್ದ ಗೆಳೆಯರ ಬಳಗವೊಂದಿತ್ತು. ೧೯೬೯ರಲ್ಲಿ ಆ ಬಳಗದ ಡೇವಿಡ್ ವೆಸ್ಲಿ ಎಂಬವನು, ಒಬ್ಬೊಬ್ಬನೂ ಒಂದು ದಂಡನ್ನು ನಡೆಸುವ ಬದಲು ಒಂದು ಊರಿನ ಒಬ್ಬ ಮನುಷ್ಯನಾಗುವಂಥ ಆಟವನ್ನು ಏರ್ಪಡಿಸಿದನು. ೧೯೭೧ರಲ್ಲಿ ಅದೇ ಬಳಗದ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡೊಂದನ್ನು ಸೃಷ್ಟಿಸಿ, ಅಲ್ಲಿನ ಕೋಟೆಯ ಕೆಳಗಣ ನೆಲಮಾಳಿಗೆಗಳಲ್ಲಿ ಗೆಳೆಯರನ್ನು ಅಲೆಯಿಸತೊಡಗಿದನು. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಅದನ್ನು ಕಂಡು ತಾನೂ ಅಂಥದೊಂದು ನಾಡನ್ನು ಕಟ್ಟಿದನು. ಈ ಇಬ್ಬರ ಹೆಸರಿನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ೧೯೭೪ರಲ್ಲಿ ಪ್ರಕಟವಾಯಿತು. ಒಂದು ಪೆಟ್ಟಿಗೆಯಲ್ಲಿ ೩ ಸಣ್ಣ ಪುಸ್ತಕಗಳು. ಮೊದಲ ಮುದ್ರಣ ೧೦೦೦ ಪ್ರತಿಗಳು. ಆ ಮೇಲೆ ಆ ಆಟವು ಲೋಕದ ಮೂಲೆಮೂಲೆಗೆ ಹಬ್ಬಿತು.

ಕರಾವಳಿ ಮಲೆನಾಡುಗಳ ಕನ್ನಡಿಗನಿಗೆ ಇದು ತೀರ ಅಪರಿಚಿತವೆನಿಸದು. ಅವನು ತಾಳಮದ್ದಳೆಯನ್ನು ಬಲ್ಲನು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಒಬ್ಬನು ಕರ್ಣನಾಗುತ್ತಾನೆ, ಇನ್ನೊಬ್ಬನು ಕೃಷ್ಣನಾಗುತ್ತಾನೆ. ಮಾತೆಲ್ಲವೂ ಆ ಕ್ಷಣದ ಪ್ರತಿಭೆ. ಯಾವುದೂ ಬರೆದುಕೊಂಡು ಬಂದುದಲ್ಲ. ಆದರೆ ಒಂದು ಮುಖ್ಯ ಭೇದವುಂಟು. ಅರ್ಥಧಾರಿಗಳ ವಾದ ಎಷ್ಟೇ ದೂರ ಹೋಗಲಿ, ಭಾಗವತನ ಮುಂದೆ ಪ್ರಸಂಗದ ಪುಸ್ತಕವಿದೆ. ಕರ್ಣನು ಮಾತಿನಲ್ಲಿ ಗೆದ್ದರೂ ಯುದ್ಧದಲ್ಲಿ ಬೀಳಲೇಬೇಕು. ಆದುದರಿಂದ ಬೆಳಗಾದ ಮೇಲೆ ಅಂದಿನ ಮಾತುಗಳು ಮರೆತುಹೋದರೂ ಕಥೆ ಕೆಡುವುದಿಲ್ಲ. ಈ ಮೇಜಿನಾಟಕ್ಕೆ ಪ್ರಸಂಗದ ಪುಸ್ತಕವಿಲ್ಲ. ಆಡಿದ ಮಾತೇ ಕಥೆ. ಮಾತು ಮರೆತರೆ ಕಥೆಯೇ ಇಲ್ಲ. ಪ್ರಸಂಗವನ್ನು ಮೊದಲು ಬರೆದು ಆ ಮೇಲೆ ಆಡುವುದು ಅಲ್ಲಿಯ ಕ್ರಮ; ಮೊದಲು ಆಡಿ ಆ ಮೇಲೆ ಬರೆದಿಡುವುದು ಇಲ್ಲಿಯ ಕ್ರಮ.

ಈ ಸತ್ಯವನ್ನು ಶಿರಸಿಯ ಕಡೆಯ ಒಬ್ಬ ಸೂತ್ರಧಾರನು ನಾಚಿಕೆಪಟ್ಟು ಕಲಿಯಬೇಕಾಯಿತು.

ಆತನು ಉದ್ಯೋಗದ ನಿಮಿತ್ತ ಬೆಂಗಳೂರಿಗೆ ಬಂದು ನೆಲೆಸಿದವನು. ಬಸವನಗುಡಿಯ ಬಾಡಿಗೆ ಮನೆಯ ಮಹಡಿಯ ಕೋಣೆಯಲ್ಲಿ ಎರಡು ವಾರಕ್ಕೊಂದು ಶನಿವಾರ ನಾಲ್ವರು ಸ್ನೇಹಿತರು ಕೂಡುತ್ತಿದ್ದರು, ಆತನೊಡನೆ ಐವರು. ಮೊದಲ ವರ್ಷ ಆತನು ಏನನ್ನೂ ಬರೆದಿಡುತ್ತಿರಲಿಲ್ಲ. ತನ್ನ ಜ್ಞಾಪಕಶಕ್ತಿಯಲ್ಲಿ ಆತನಿಗೆ ಬಹಳ ಭರವಸೆ. ಅಲ್ಲದೆ, ಕಥೆ ಕಟ್ಟುವವನು ಲೆಕ್ಕ ಬರೆಯುವುದೆಂದರೆ ಗಾಯಕನು ಟಿಕೇಟು ಹರಿಯುವುದಕ್ಕೆ ನಿಂತಂತೆ ಎಂಬ ಒಂದು ಗರ್ವವೂ ಇತ್ತೆನ್ನಬೇಕು.

ಒಂದು ಕೂಟದಲ್ಲಿ ಪಾತ್ರಗಳು ಹೊಳೆಯ ದಂಡೆಯ ಒಂದು ಹಳ್ಳಿಗೆ ಬಂದವು. ಕತ್ತಿಯವನು ಕಾಫಿ ತರಲು ಕೆಳಗಿಳಿದು ಹೋಗಿದ್ದನು. ಆ ಹೊತ್ತನ್ನು ಕಳೆಯಬೇಕಾಗಿ ಸೂತ್ರಧಾರನು, ದೋಣಿಯವನ ಗುಡಿಸಿಲಿನಲ್ಲಿ ಜ್ವರದಿಂದ ಮಲಗಿದ್ದ ಒಬ್ಬ ಹುಡುಗನನ್ನು ನಿಂತ ಕಾಲಿನಲ್ಲಿ ಸೃಷ್ಟಿಸಿದನು. ವೈದ್ಯೆಯ ಪಾತ್ರವನ್ನು ವಹಿಸಿದ್ದವಳು ಕಾಲೇಜೊಂದರಲ್ಲಿ ಪಾಠ ಹೇಳುವ ಗೆಳತಿ. ಅವಳು ಆ ಹುಡುಗನ ನಾಡಿ ಹಿಡಿದು ನೋಡಿ, ಬೆಟ್ಟದಾಚೆ ಬೆಳೆಯುವ ಒಂದು ಬೇರಿನಿಂದ ಗುಣವಾದೀತೆಂದು ತಿಳಿದುಕೊಂಡು, “ಹುಣ್ಣಿಮೆಯೊಳಗೆ ತಂದು ಕೊಡುತ್ತೇನೆ, ಅದುವರೆಗೆ ಧೈರ್ಯವಾಗಿರು” ಎಂದು ಮಾತು ಕೊಟ್ಟಳು. ಕಾಫಿ ಬಂದಿತು. ಕಥೆ ಬೇರೆ ಕಡೆ ಹರಿಯಿತು.

ನಾಲ್ಕು ತಿಂಗಳು ಕಳೆದವು. ಅಷ್ಟರಲ್ಲಿ ಅವಳು ಮೂರು ಕೂಟಗಳ ಹೊತ್ತನ್ನು ವ್ಯಯಮಾಡಿ, ಜತೆಯವರನ್ನು ಒಡಂಬಡಿಸಿ, ಬೆಟ್ಟ ಹತ್ತಿಸಿ, ತನ್ನ ಹಾಳೆಯಲ್ಲಿದ್ದ ಹೊನ್ನನ್ನೆಲ್ಲ ಸುರಿದು ಆ ಬೇರನ್ನು ಸಂಪಾದಿಸಿದ್ದಳು. ಒಂದು ಶನಿವಾರ ಪಾತ್ರಗಳು ಪುನಃ ಆ ಹೊಳೆಗೆ ಬಂದವು. ಅವಳು ಉತ್ಸಾಹದಿಂದ ಮುಂದೆ ಬಾಗಿ, “ಹುಡುಗ ಹೇಗಿದ್ದಾನೆ?” ಎಂದು ಕೇಳಿದಳು.

“ಯಾವ ಹುಡುಗ?” ಎಂದನು ಸೂತ್ರಧಾರ.

ಕೋಣೆ ನಿಶ್ಶಬ್ದವಾಯಿತು. ಆತನು ಗಾಬರಿಯಿಂದ, “ಓ, ಅವನೇ? ಅವನಿಗೆ ತಾನಾಗಿಯೇ ಗುಣವಾಯಿತು” ಎಂದು ತೇಪೆ ಹಾಕಿದನು. ಮರೆತುದಕ್ಕಿಂತ ಈ ತೇಪೆ ಕೆಟ್ಟದಾಯಿತು. ಹುಡುಗನು ತಾನಾಗಿಯೇ ಗುಣಹೊಂದಿದ್ದರೆ ಅವಳು ಬೆಟ್ಟ ಹತ್ತಿದುದೇಕೆ? ಹೊನ್ನು ಸುರಿದುದೇಕೆ? ಗೆಳೆಯರನ್ನು ಅಷ್ಟು ದಿನ ಕಾಡಿ ಬೇಡಿದುದೇಕೆ? ಅವಳು ಮಾಡಿದುದಕ್ಕೂ ಮಾಡದಿರುವುದಕ್ಕೂ ಆ ಲೋಕದಲ್ಲಿ ಏನೂ ವ್ಯತ್ಯಾಸವಿಲ್ಲವೆಂದು ಆತನು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಂತಾಯಿತು. ಅವಳು ಹಾಳೆಯನ್ನು ಮಡಿಸಿಟ್ಟು, “ಹೋಗಲಿ ಬಿಡು ಮಾರಾಯ, ಆಟ ತಾನೆ” ಎಂದು ನಕ್ಕಳು. ಆ ನಗುವನ್ನು ಕೇಳಿ ಆತನಿಗೆ ರಾತ್ರಿ ನಿದ್ದೆ ಬರಲಿಲ್ಲ.

ಆ ವರ್ಷ ದೀಪಾವಳಿಗೆ ಆತನು ಊರಿಗೆ ಹೋದನು. ಆತನ ಅಜ್ಜ ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಬಹುಕಾಲ ಗುಮಾಸ್ತರಾಗಿದ್ದವರು. ಹಬ್ಬದಲ್ಲಿ ಲೆಕ್ಕದ ಪುಸ್ತಕಗಳಿಗೆ ಪೂಜೆ ಮಾಡುವ ಪದ್ಧತಿ. ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದರೂ ಅವರ ಒಂದು ಹಳೆಯ ಕಿರ್ದಿಯನ್ನು ಅಟ್ಟದಿಂದಿಳಿಸಿ ದೇವರ ಮುಂದಿಡುತ್ತಿದ್ದರು. ಅಂದು ಆತನು ಅದನ್ನು ಮೊದಲ ಸಲ ಬಿಚ್ಚಿ ನೋಡಿದನು. ಒಂದೊಂದು ದಿನಕ್ಕೆ ಒಂದೊಂದು ಪುಟ. ಬಂದವರಾರು, ತಂದುದೆಷ್ಟು, ಕೊಂಡುಹೋದ ಮುಂಗಡವೆಷ್ಟು, ಅಷ್ಟೆ. ಆಕಾಶದ ವರ್ಣನೆಯಿಲ್ಲ, ಅಭಿಪ್ರಾಯವಿಲ್ಲ. ಆದರೆ ಪುಟ ತಿರುವುತ್ತ ಹೋದಂತೆ ಒಂದು ಮಳೆಗಾಲ ಕಣ್ಣಿಗೆ ಕಟ್ಟಿತು: ಒಬ್ಬನೇ ರೈತನು ಮೂರು ಸಲ ಬಂದು ಮೂರು ಸಲವೂ ಮುಂಗಡ ಒಯ್ದಿದ್ದಾನೆ, ಆ ಮೇಲೆ ಎರಡು ತಿಂಗಳು ಅವನ ಹೆಸರಿಲ್ಲ, ಆ ಮೇಲೆ ಅವನ ಹೆಂಡತಿಯ ಹೆಸರಿನಲ್ಲಿ ಜಮೆ.

ಅಜ್ಜ ಹೇಳುತ್ತಿದ್ದ ಒಂದು ಸೂತ್ರ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು: ದೀಪ ಆರಿಸುವ ಮುಂಚೆ ಕಿರ್ದಿ, ಹೊತ್ತಾರೆ ಖಾತೆ. ಕಿರ್ದಿಯೆಂದರೆ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಬರೆಯುವುದು. ಅದು ಅಂದೇ ಆಗಬೇಕು. ಖಾತೆಯೆಂದರೆ ಅದೇ ವ್ಯವಹಾರವನ್ನು ಒಬ್ಬೊಬ್ಬ ಗಿರಾಕಿಯ ಹೆಸರಿನ ಕೆಳಗೆ ಎತ್ತಿ ಬರೆದು, ಅವನ ಬಾಕಿ ಎಷ್ಟೆಂದು ಕಾಣಿಸುವುದು. ಅದಕ್ಕೆ ತಂಪಾದ ತಲೆ ಬೇಕು. ಕಿರ್ದಿಯಿಲ್ಲದ ಖಾತೆ ಸುಳ್ಳು. ಖಾತೆಯಿಲ್ಲದ ಕಿರ್ದಿ ಕುರುಡು.

ಸೂತ್ರಧಾರನು ಬೆಂಗಳೂರಿಗೆ ಹಿಂದಿರುಗುವಾಗ ಎರಡು ದಪ್ಪ ಪುಸ್ತಕಗಳನ್ನು ಕೊಂಡುಕೊಂಡನು. ಮೊದಲ ಕೂಟದಲ್ಲಿಯೇ ತಪ್ಪೊಪ್ಪಿಕೊಂಡನು. “ಹುಡುಗನನ್ನು ನಾನು ಮರೆತದ್ದು ನಿಜ. ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜ್ವರ ಬಿಟ್ಟಿದೆ, ಆದರೆ ಕಾಲುಗಳ ಬಲ ಹೋಗಿದೆ. ನೀನು ತಂದ ಬೇರಿನಿಂದ ಈಗಲೂ ಪ್ರಯೋಜನವುಂಟು. ಕಾಲ ಮಾತ್ರ ಹೆಚ್ಚು ಹಿಡಿಯುತ್ತದೆ. ಇದು ನ್ಯಾಯವೆಂದು ತೋರುತ್ತದೆಯೆ?” ಎಂದು ಎಲ್ಲರನ್ನೂ ಕೇಳಿದನು. ಎಲ್ಲರೂ ಒಪ್ಪಿದರು. ವೈದ್ಯೆ ಮಡಿಸಿದ್ದ ಹಾಳೆಯನ್ನು ಬಿಡಿಸಿದಳು. ಹೊಸ ಖಾತೆಯ ಮೊದಲನೆಯ ಪುಟ ಆ ದೋಣಿಯವನ ಮಗನದಾಯಿತು.

ಆದರೆ ಬರೆಯುವುದೂ ಒಂದು ವಿದ್ಯೆ. ಮೊದಮೊದಲು ಆತನು ಅತಿಯಾಗಿ ಬರೆದನು. ಒಂದು ರಾತ್ರಿಯ ಆಟಕ್ಕೆ ಹನ್ನೊಂದು ಪುಟ. ಯಾರು ಯಾವ ಹಾಸ್ಯ ಮಾಡಿದರು, ಯಾವ ದಾಳ ಎಷ್ಟು ಬಿದ್ದಿತು, ಯಾವ ರಾಕ್ಷಸನು ಹೇಗೆ ಕೂಗಿದನು. ಮುಂದಿನ ಕೂಟದ ಮುನ್ನ ಅದನ್ನೋದಲು ಕುಳಿತರೆ ಬೇಕಾದ ಒಂದು ಸಾಲು ಬೇಡವಾದ ನೂರು ಸಾಲುಗಳ ನಡುವೆ ಸಿಕ್ಕುತ್ತಿರಲಿಲ್ಲ. ಕಳ್ಳನ ಪಾತ್ರದವನು, “ಇಷ್ಟೊಂದು ಕಷ್ಟವೇಕೆ? ಮೊಬೈಲಿನಲ್ಲಿ ಎಲ್ಲರ ಮಾತನ್ನೂ ಧ್ವನಿಮುದ್ರಿಸಿಬಿಡು” ಎಂದು ಸೂಚಿಸಿದನು. ಹಾಗೂ ಮಾಡಿದ್ದಾಯಿತು. ನಾಲ್ಕು ಗಂಟೆ ಆಡಿದುದನ್ನು ಕೇಳಲು ನಾಲ್ಕು ಗಂಟೆಯೇ ಬೇಕು, ಒಬ್ಬರೂ ಕೇಳಲಿಲ್ಲ. ಎಲ್ಲವನ್ನೂ ಕೂಡಿಟ್ಟುದಕ್ಕೆ ಲೆಕ್ಕವೆಂದು ಹೆಸರಲ್ಲ. ಅದರಲ್ಲಿ ಇನ್ನೂ ತೀರದಿರುವುದನ್ನು ಆರಿಸಿಟ್ಟುದೇ ಲೆಕ್ಕ.

ಕ್ರಮೇಣ ಕಿರ್ದಿಯು ಒಂದೇ ಪುಟಕ್ಕೆ ಬಂದು ನಿಂತಿತು. ಮೊದಲ ಸಾಲಿನಲ್ಲಿ ತಾರೀಖು. ಎರಡನೆಯದರಲ್ಲಿ ‘ಹಾಜರು’, ಬಂದವರ ಹೆಸರುಗಳು. ಆ ಮೇಲೆ ನಾಲ್ಕು ಪ್ರಶ್ನೆಗಳಿಗೆ ಉತ್ತರ: ಎಲ್ಲಿ ನಿಂತೆವು? ಏನನ್ನು ಗಳಿಸಿದೆವು, ಏನನ್ನು ಕಳೆದೆವು? ಯಾವ ಹೊಸ ಹೆಸರು ಬಂದಿತು? ಯಾರು ಯಾರಿಗೆ ಮಾತು ಕೊಟ್ಟರು? ಮೂರನೆಯ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಅನುಭವಸ್ಥರು ಬಲ್ಲರು: ಸೂತ್ರಧಾರನು ಇದ್ದಕ್ಕಿದ್ದಂತೆ ಹುಟ್ಟಿಸಿದ ಛತ್ರದ ಯಜಮಾನನ ಹೆಸರೇ ಎಲ್ಲಕ್ಕಿಂತ ಮೊದಲು ಮರೆತುಹೋಗುವುದು, ಆಡುವವರು ಎಲ್ಲಕ್ಕಿಂತ ಮೊದಲು ಕೇಳುವುದೂ ಅದನ್ನೇ. ನಾಲ್ಕನೆಯದಂತೂ ಕಿರ್ದಿಯ ಜೀವಾಳ. ಕೊಟ್ಟ ಮಾತೆಲ್ಲವೂ ಬೆಳಗ್ಗೆ ಖಾತೆಗೆ ಏರಿ ‘ಬಾಕಿ’ ಎಂದು ಬರೆಸಿಕೊಳ್ಳುತ್ತಿತ್ತು. ಶತ್ರುಗಳ ಬಾಕಿಯೂ ಅಲ್ಲಿಯೇ. ಯಾವನನ್ನೋ ಅವಮಾನಪಡಿಸಿ ಬಿಟ್ಟುಬಂದಿದ್ದರೆ ಅದೂ ಒಂದು ಸಾಲ. ಅವನು ವಸೂಲಿಗೆ ಎಂದಾದರೂ ಬಂದೇ ಬರುತ್ತಾನೆ.

ಕೂಟದ ಆರಂಭದಲ್ಲಿ ಆ ಪುಟವನ್ನು ಗಟ್ಟಿಯಾಗಿ ಓದುವ ರೂಢಿಯಾಯಿತು. ಆದರೆ ಓದುವ ಮುಂಚೆ, ಹಿಂದಿನ ಸಲ ಏನು ನಡೆಯಿತೆಂದು ಒಬ್ಬೊಬ್ಬರನ್ನೂ ಆತನು ಕೇಳುತ್ತಿದ್ದನು. ಕತ್ತಿಯವನಿಗೆ ಕಾಳಗವೇ ನೆನಪು. ಕಳ್ಳನಿಗೆ ಬೀಗದ ಪೆಟ್ಟಿಗೆ. ಮಾಂತ್ರಿಕನಿಗೆ ಹಳೆಯ ಶಾಸನದ ಒಂದು ಅಕ್ಷರ. ಯಾರು ಏನನ್ನು ನೆನಪಿನಲ್ಲಿಟ್ಟಿದ್ದಾರೆಂಬುದರಿಂದಲೇ ಯಾರಿಗೆ ಏನು ಬೇಕೆಂಬುದು ತಿಳಿಯುತ್ತಿತ್ತು. ಅದನ್ನೂ ಪುಟದ ಅಂಚಿನಲ್ಲಿ ಗುರುತುಮಾಡಿಕೊಳ್ಳುತ್ತಿದ್ದನು.

ಇನ್ನು ಕಾಲದ ಲೆಕ್ಕ. ಗೈಗ್ಯಾಕ್ಸ್ ೧೯೭೯ರಲ್ಲಿ ಸೂತ್ರಧಾರರಿಗಾಗಿಯೇ ಒಂದು ದೊಡ್ಡ ಕೈಪಿಡಿಯನ್ನು ಪ್ರಕಟಿಸಿದನು. ಅದರಲ್ಲಿ ಒಂದು ವಾಕ್ಯವನ್ನು ಪೂರ್ತಿಯಾಗಿ ದೊಡ್ಡಕ್ಷರಗಳಲ್ಲಿ ಅಚ್ಚುಹಾಕಿಸಿದ್ದಾನೆ. ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡದಿದ್ದರೆ ಆಟದಲ್ಲಿ ಅರ್ಥವೇ ಇರದು ಎಂಬುದು ಅದರ ತಾತ್ಪರ್ಯ. ಆಟವಿಲ್ಲದ ದಿನಗಳಲ್ಲಿ ಹೊರಗಿನ ಲೋಕದ ಒಂದು ದಿನಕ್ಕೆ ಕಥೆಯ ಲೋಕದಲ್ಲಿಯೂ ಒಂದು ದಿನ ಕಳೆಯಲಿ ಎಂದು ಅವನ ಸಲಹೆ. ಅವನ ಕಲ್ಪಿತ ನಾಡಿನಲ್ಲಿ ಬೇರೆ ಬೇರೆ ಗುಂಪಿನವರು ಬೇರೆ ಬೇರೆ ದಿನ ಬಂದು ಆಡುತ್ತಿದ್ದರು. ಒಬ್ಬರು ಬರಿದುಮಾಡಿದ ಭಂಡಾರವನ್ನು ಇನ್ನೊಬ್ಬರು ಪುನಃ ಲೂಟಿಮಾಡದಂತೆ ನೋಡಿಕೊಳ್ಳಬೇಕಾದರೆ ಪಂಚಾಂಗವಿಲ್ಲದೆ ನಡೆಯದು. ಗಾಯಗೊಂಡವನು ಹಾಸಿಗೆಯಲ್ಲಿ ಕಳೆಯುವ ದಿನಗಳಿಗೆ ಬೆಲೆ ಬರುವುದೂ, ಕಾಲವು ಇತರರಿಗಾಗಿ ಕಾಯದೆ ಹರಿದಾಗಲೇ.

ಬಸವನಗುಡಿಯ ಸೂತ್ರಧಾರನು ಇದನ್ನು ವಿವೇಚನೆಯಿಂದ ಅಂಗೀಕರಿಸಿದನು. ಪಾತ್ರಗಳು ನಡುನೀರಿನಲ್ಲಿದ್ದಾಗ ಆಟ ನಿಂತರೆ ಕಾಲವೂ ಅಲ್ಲಿಯೇ ನಿಲ್ಲುತ್ತಿತ್ತು. ಅವರು ಒಂದು ಊರು ಸೇರಿ ವಿಶ್ರಮಿಸಿಕೊಂಡಿದ್ದರೆ ಕಥೆಯಲ್ಲಿಯೂ ೧೪ ದಿನ ಕಳೆಯುತ್ತಿದ್ದವು: ಗಾಯ ಮಾಯುತ್ತಿತ್ತು, ಬಡ್ಡಿ ಬೆಳೆಯುತ್ತಿತ್ತು, ಗಡಿಯಾಚೆಯ ದಂಡು ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಆ ದಂಡಿನಂಥವುಗಳಿಗೆ ಆತನು ಹೊಸಗಾಲದ ಒಂದು ಯುಕ್ತಿಯನ್ನು ಹಿಡಿದನು. ವಿನ್ಸೆಂಟ್ ಬೇಕರ್‌ನ ೨೦೧೦ರ ಆಟವೊಂದರಲ್ಲಿಯೂ ಜಾನ್ ಹಾರ್ಪರ್‌ನ ೨೦೧೭ರ ಆಟವೊಂದರಲ್ಲಿಯೂ ಗಡಿಯಾರದಂತೆ ಒಂದು ವೃತ್ತವನ್ನು ಬರೆದು ಕೆಲವು ಭಾಗಮಾಡುವ ಕ್ರಮವಿದೆ. ಒಂದೊಂದು ಹಂತ ಕಳೆದಂತೆ ಒಂದೊಂದು ಭಾಗಕ್ಕೆ ಮಸಿ ತುಂಬುವುದು. ವೃತ್ತ ತುಂಬಿದ ದಿನ ದಂಡು ಊರ ಬಾಗಿಲಿಗೆ ಬಂದಿತೆಂದರ್ಥ. ಹತ್ತು ಪುಟದ ಬರೆಹವನ್ನು ಆ ಒಂದು ವೃತ್ತವು ಉಳಿಸುತ್ತದೆ.

ನಡುವಣ ದಿನಗಳಲ್ಲಿ ಕಥೆಯ ಲೋಕ ಉಸಿರಾಡುತ್ತಿದೆಯೆಂಬುದನ್ನು ಆಡುವವರಿಗೆ ತಿಳಿಸುವ ಉಪಾಯವೂ ಹಳೆಯದೇ. ಆರ್ನೆಸನ್ ತನ್ನ ಬಳಗಕ್ಕಾಗಿ ಬ್ಲ್ಯಾಕ್‌ಮೂರಿನ ಸಮಾಚಾರವನ್ನೂ ಗಾಳಿಮಾತನ್ನೂ ಹೇಳುವ ವರ್ತಮಾನಪತ್ರಿಕೆಯೊಂದನ್ನು ಹೊರಡಿಸುತ್ತಿದ್ದನು. ಆತನ ಟಿಪ್ಪಣಿಗಳು ೧೯೭೭ರಲ್ಲಿ ಪುಸ್ತಕವಾಗಿ ಬಂದವು. ಅದು ಅಚ್ಚುಕಟ್ಟಾದ ಗ್ರಂಥವಲ್ಲ. ನಕ್ಷೆ, ಪಟ್ಟಿ, ನೆನಪುಗಳು ಒಂದರ ಮೇಲೊಂದು ಬಿದ್ದಿವೆ. ಆದರೂ ಆ ನಾಡಿನ ಮೊದಲ ದಿನಗಳನ್ನು ತಿಳಿಯಬೇಕಾದವರು ಆರ್ನೆಸನ್ ೨೦೦೯ರಲ್ಲಿ ತೀರಿಕೊಂಡ ಮೇಲೆಯೂ ಅದನ್ನೇ ತೆರೆಯುತ್ತಾರೆ. ಬಸವನಗುಡಿಯವನು ಬುಧವಾರಕ್ಕೊಮ್ಮೆ ಸ್ನೇಹಿತರ ಮೊಬೈಲಿಗೆ ಮೂರು ಸಾಲಿನ ‘ಸಂತೆಯ ಸುದ್ದಿ’ ಕಳುಹಿಸುತ್ತಿದ್ದನು. ಒಂದು ನಿಜ, ಒಂದು ಅರೆನಿಜ, ಒಂದು ಸುಳ್ಳು.

ಇಷ್ಟಾದರೂ ಆತನು ಇನ್ನೊಂದು ಹಳ್ಳಕ್ಕೆ ಬಿದ್ದನು. ನಡೆದುದನ್ನು ಬರೆಯುವ ಲೇಖನಿ ನಡೆಯಬೇಕಾದುದನ್ನೂ ಬರೆಯಲು ಹಂಬಲಿಸುತ್ತದೆ. ಒಂದು ಸಲ ಆತನು ಮುಂದಿನ ಕೂಟದ ಕಥೆಯನ್ನು ಇಪ್ಪತ್ತು ಪುಟ ಬರೆದು ಸಿದ್ಧನಾದನು: ಪಾತ್ರಗಳು ಅರಮನೆಗೆ ಬರುತ್ತಾರೆ, ರಾಣಿ ಹೀಗೆನ್ನುತ್ತಾಳೆ, ಇವರು ಹಾಗೆನ್ನುತ್ತಾರೆ. ಶನಿವಾರ ಬಂದಾಗ ಅವರು ಅರಮನೆಯ ಕಡೆ ತಿರುಗಿಯೂ ನೋಡದೆ ಬಂದರಿಗೆ ಹೋಗಿ ಹಡಗು ಹತ್ತಿಬಿಟ್ಟರು. ಮಂಡಿಯ ಗುಮಾಸ್ತನು ನಾಳೆ ಬರಲಿರುವ ಅಡಿಕೆಯನ್ನು ಇಂದೇ ಜಮೆ ಬರೆದುಕೊಂಡರೆ ಏನಾದೀತೋ ಅದೇ ಆಯಿತು. ಅಂದಿನಿಂದ ಆತನು ಪಾತ್ರಗಳು ಏನು ಮಾಡುವರೆಂದು ಬರೆಯುವುದನ್ನು ಬಿಟ್ಟನು. ಮಿಕ್ಕವರಿಗೆ, ಎಂದರೆ ರಾಣಿಗೆ, ದಂಡಿನ ನಾಯಕನಿಗೆ, ಸಾಲಕೊಟ್ಟ ಸೆಟ್ಟಿಗೆ, ಏನು ಬೇಕೆಂದಷ್ಟೆ ಬರೆಯತೊಡಗಿದನು. ಮೈಕ್ ಶೇ ಎಂಬ ಅಮೆರಿಕದ ಲೇಖಕನು ೨೦೧೮ರ ತನ್ನ ಪುಸ್ತಕದಲ್ಲಿ, ಕೂಟಕ್ಕೆ ಮುಂಚೆ ಹತ್ತು ಗುಟ್ಟುಗಳನ್ನು ಬರೆದಿಡು, ಆದರೆ ಯಾವುದನ್ನೂ ಒಂದು ಸ್ಥಳಕ್ಕೋ ಒಬ್ಬನ ಬಾಯಿಗೋ ಕಟ್ಟಿಹಾಕಬೇಡ ಎಂದು ಸಲಹೆ ಕೊಟ್ಟಿದ್ದಾನೆ. ಅದೂ ಸೊಗಸಾಗಿ ಫಲಿಸಿತು. ಅರಮನೆಯ ಗುಟ್ಟು ಹಡಗಿನ ಅಡುಗೆಯವನ ಬಾಯಿಂದ ಹೊರಬಿದ್ದಿತು.

ಕಥೆಯ ಲೆಕ್ಕ ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ಒಂದು ಹಳೆಯ ದೃಷ್ಟಾಂತವುಂಟು. ಇಂಗ್ಲೆಂಡಿನ ಹಾವರ್ತ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬನು ೧೮೨೬ರಲ್ಲಿ ತನ್ನ ಮಗ ಬ್ರಾನ್ವೆಲ್‌ನಿಗೆ ಮರದ ಸೈನಿಕರ ಪೆಟ್ಟಿಗೆಯೊಂದನ್ನು ತಂದುಕೊಟ್ಟನು. ಅವನೂ ಅವನ ಸೋದರಿಯರಾದ ಶಾರ್ಲಟ್, ಎಮಿಲಿ, ಆ್ಯನ್ ಎಂಬವರೂ ಆ ಬೊಂಬೆಗಳಿಗೆ ಹೆಸರಿಟ್ಟು, ರಾಜ್ಯ ಕಟ್ಟಿ ಆಡಿದರು. ಇವರೇ ಮುಂದೆ ಪ್ರಸಿದ್ಧರಾದ ಬ್ರಾಂಟೆ ಸೋದರಿಯರು. ದೊಡ್ಡವರಿಬ್ಬರು ತಮ್ಮ ರಾಜ್ಯದ ವೃತ್ತಾಂತವನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಪುಸ್ತಕಗಳಲ್ಲಿ ಇರುವೆಯಂಥ ಅಕ್ಷರಗಳಿಂದ ಬರೆದಿಟ್ಟರು. ಅವುಗಳಲ್ಲಿ ಅನೇಕವು ಉಳಿದಿವೆ. ಎಮಿಲಿಯೂ ಆ್ಯನ್ನಳೂ ಬೇರೆಯಾಗಿ ಗಾಂಡಾಲ್ ಎಂಬ ದ್ವೀಪವನ್ನು ಕಲ್ಪಿಸಿಕೊಂಡರು. ೧೮೪೫ರಲ್ಲಿ, ಪ್ರಾಯಕ್ಕೆ ಬಂದ ಹೆಂಗಸರಾಗ, ಇಬ್ಬರೂ ಯಾರ್ಕ್ ನಗರಕ್ಕೆ ಪ್ರಯಾಣಮಾಡಿದಾಗಲೂ ದಾರಿಯುದ್ದಕ್ಕೂ ಗಾಂಡಾಲಿನ ಪಾತ್ರಗಳಾಗಿ ಆಡುತ್ತ ಹೋದರೆಂದು ಎಮಿಲಿಯ ದಿನಚರಿಯ ಚೀಟಿಯೊಂದು ಹೇಳುತ್ತದೆ. ಆದರೆ ಗಾಂಡಾಲಿನ ಗದ್ಯವೃತ್ತಾಂತ ಉಳಿಯಲಿಲ್ಲ. ಉಳಿದುದು ಕೆಲವು ಪದ್ಯಗಳು, ಕೆಲವು ಚೀಟಿಗಳು, ಒಂದು ಭೂಗೋಳದ ಪುಸ್ತಕದಲ್ಲಿ ಆ್ಯನ್ ಬರೆದುಕೊಂಡ ಊರುಗಳ ಹೆಸರುಗಳು. ಆ ಪದ್ಯಗಳಲ್ಲಿ ಯಾರೋ ಯಾರ ಸಮಾಧಿಯ ಮುಂದೆಯೋ ಅಳುತ್ತಾರೆ. ಏಕೆ ಅಳುತ್ತಾರೆಂದು ವಿದ್ವಾಂಸರು ಊಹಿಸುತ್ತ ಬಂದಿದ್ದಾರೆ. ದುಃಖ ಉಳಿಯಿತು, ಅದರ ಖಾತೆ ಹೋಯಿತು.

ಮೂರನೆಯ ವರ್ಷದಲ್ಲಿ ವೈದ್ಯೆಯ ಪಾತ್ರದವಳು ಕೂಟಕ್ಕೆ ಬರುವುದು ನಿಂತುಹೋಯಿತು. ಅವಳ ತಾಯಿಗೆ ಲಕ್ವ ಹೊಡೆದು, ಅವಳು ಕೆಲಸಕ್ಕೆ ರಜೆ ಹಾಕಿ ಊರಿಗೆ ಹೋದಳು. ಒಂದು ತಿಂಗಳೆಂದುದು ಮೂರಾಯಿತು, ಆರಾಯಿತು. ಆರಂಭದಲ್ಲಿ ಆಗಾಗ ಸಂದೇಶ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಇತ್ತ ಮಿಕ್ಕವರು, “ಆ ಪಾತ್ರವನ್ನು ಯುದ್ಧದಲ್ಲಿ ಕೊಂದುಬಿಡು, ಹೊಸಬರೊಬ್ಬರು ಬರಲು ಕಾದಿದ್ದಾರೆ” ಎಂದರು. ಅವರದು ಕ್ರೌರ್ಯವಲ್ಲ; ಆಟ ನಡೆಯಬೇಕಲ್ಲ! ಸೂತ್ರಧಾರನು ಖಾತೆಯನ್ನು ತೆಗೆದು ನೋಡಿದನು. ದೋಣಿಯವನ ಮಗನ ಪುಟದಲ್ಲಿ ‘ಬಾಕಿ’ ಎಂದಿತ್ತು. “ಅವಳು ಸತ್ತಿಲ್ಲ. ಹುಡುಗನ ಕಾಲುಗಳ ಶುಶ್ರೂಷೆಗಾಗಿ ಹೊಳೆಯ ದಂಡೆಯಲ್ಲಿ ನಿಂತಿದ್ದಾಳೆ. ಹೊಸಬರು ಬರಲಿ, ಅವರಿಗೆ ಬೇರೆ ಕುರ್ಚಿ ಹಾಕಿದರಾಯಿತು” ಎಂದನು. ಹೊಸಬರು ಏನೋ ಕಾರಣದಿಂದ ಬರಲಿಲ್ಲ. ಅಂದಿನಿಂದ ಪ್ರತಿ ಕೂಟದ ಕಿರ್ದಿಯಲ್ಲಿಯೂ ‘ಹಾಜರು: ನಾಲ್ವರು, ವೈದ್ಯೆ ಹೊಳೆಯ ದಂಡೆಯಲ್ಲಿ’ ಎಂದು ಬರೆಯುತ್ತಿದ್ದನು. ತಿಂಗಳಿಗೊಂದು ಸಲ, ಕಥೆಯ ಪಂಚಾಂಗವನ್ನು ಸರಿಸುವಾಗ, ಅವಳ ಪುಟದಲ್ಲಿಯೂ ಒಂದು ಸಾಲು ಸೇರಿಸುತ್ತಿದ್ದನು. ಯಾರೂ ಕೇಳಿರಲಿಲ್ಲ, ಯಾರಿಗೂ ತೋರಿಸಲೂ ಇಲ್ಲ.

ಹದಿನಾಲ್ಕು ತಿಂಗಳ ಮೇಲೆ ಒಂದು ಶನಿವಾರ ಸಂಜೆ ಅವಳು ಬಂದಳು. ತಾಯಿ ತೀರಿಕೊಂಡಿದ್ದಳು. ಸ್ನೇಹಿತರಿಗೆ ಏನು ಹೇಳಬೇಕೆಂದು ತೋರಲಿಲ್ಲ. “ನಾನು ಆಡುವುದಿಲ್ಲ, ಸುಮ್ಮನೆ ಕುಳಿತು ನೋಡುತ್ತೇನೆ. ಕಥೆಯೂ ಮರೆತುಹೋಗಿದೆ” ಎಂದು ಅವಳು ಗೋಡೆಯ ಬದಿಗೆ ಕುಳಿತಳು. ಸೂತ್ರಧಾರನು ಆ ದಿನದ ಪುಟವನ್ನು ಓದುವ ಬದಲು ಖಾತೆಯನ್ನು ಬಿಡಿಸಿ, ಅವಳ ಹೆಸರಿನ ಪುಟವನ್ನು ಮೆಲ್ಲನೆ ಓದಿದನು. ಮೊದಲ ತಿಂಗಳು: ಬೇರನ್ನು ಅರೆದು ಕಾಲುಗಳಿಗೆ ಲೇಪ ಹಾಕಿದಳು, ಗುಣ ಕಾಣಲಿಲ್ಲ. ಎರಡನೆಯ ತಿಂಗಳು: ಹೊಳೆಗೆ ನೆರೆ, ಹುಡುಗನನ್ನು ಹೆಗಲಮೇಲೆ ಹೊತ್ತು ದಿಬ್ಬ ಹತ್ತಿದಳು. ಐದನೆಯ ತಿಂಗಳು: ಹುಡುಗನಿಗೆ ಬೆರಳು ಆಡಿತು. ಒಂಬತ್ತನೆಯ ತಿಂಗಳು: ಹಳ್ಳಿಯವರು ಅವಳಿಗೆ ಒಂದು ಗುಡಿಸಿಲು ಕಟ್ಟಿಕೊಟ್ಟರು. ಹದಿನಾಲ್ಕನೆಯ ತಿಂಗಳು: ಹುಡುಗನು ಇಂದು ಎದ್ದುನಿಂತು ಒಬ್ಬನೇ ಹುಟ್ಟು ಹಾಕಿ ಹೊಳೆ ದಾಟಿದನು. ಬಾಕಿ ತೀರಿತು.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇದನ್ನೆಲ್ಲ ಯಾವಾಗ ಬರೆದೆ?” ಎಂದು ಕೇಳಿದಳು.

“ತಿಂಗಳಿಗೊಂದು ಸಾಲು. ಹೆಚ್ಚೇನಿಲ್ಲ.”

ಅವಳು ಕುರ್ಚಿಯನ್ನು ಮೇಜಿನ ಬಳಿಗೆ ಎಳೆದುಕೊಂಡಳು. “ಅವನ ದೋಣಿಯಲ್ಲಿ ನನಗೆ ಜಾಗವಿದೆಯೆ? ಇವರೆಲ್ಲ ಎಲ್ಲಿದ್ದಾರೆ ಈಗ?” ಎಂದಳು. ಕತ್ತಿಯವನು ಎದ್ದು ಕಾಫಿ ತರಲು ಕೆಳಗಿಳಿದನು.

ಅಂದು ಆಟ ಮುಗಿದಾಗ ಹನ್ನೊಂದು ಹೊಡೆದಿತ್ತು. ಎಲ್ಲರೂ ಹೋದ ಮೇಲೆ ಸೂತ್ರಧಾರನು ದಾಳಗಳನ್ನು ಚೀಲಕ್ಕೆ ತುಂಬಿ, ಲೋಟಗಳನ್ನು ತೊಳೆದಿಟ್ಟು, ಕಿರ್ದಿಯನ್ನು ತೆರೆದನು. ತಾರೀಖನ್ನು ಬರೆದನು. ಅದರ ಕೆಳಗೆ ‘ಹಾಜರು’ ಎಂದು ಬರೆದು, ಐದು ಹೆಸರುಗಳನ್ನೂ ಪೂರ್ತಿಯಾಗಿ ಬರೆದನು. ಆ ಮೇಲೆ ದೀಪ ಆರಿಸಿದನು.